ಭಾವನ ಬಾಯಿಗೆ ನಾನು ಕೊಟ್ಟ ಚೀಟಿ

ನನ್ನ ಭಾವ ಜಟ್ಟಪ್ಪನ ಹಲ್ಲು ಸರಿ ಅದೆ ಅಂತ ಡಾಕ್ಟ್ರ ಹೆಸರಲ್ಲಿ ಸುಳ್ಳು ಚೀಟಿ ಬರೆದು ಕೊಟ್ಟವ ನಾನು. ಸಹಿ ಹಾಕಿದ್ದೂ ನಾನೇ, ಸೀಲು ಒತ್ತಿದ್ದೂ ನಾನೇ. ಅವ ಬಾಯಿ ತೆರೆದಾಗ ಒಳಗೆ ಎಂತ ಇತ್ತು ಅಂತ ಕನ್ನಡಿ ಹಿಡಿದು ನೋಡಿದ್ದೆ — ನೋಡಿಯೂ ಬರೆದೆ. ಆಮೇಲೆ ಅವ ಸಾಯೋ ತನಕ ನೆಂಟರೆಲ್ಲ ಅವನಿಗೆ ಹೊಟ್ಟೆಬಾಕ ಅಂದ್ರು. ಆ ನಗೆ ಶುರು ಮಾಡಿದವನೂ ನಾನೇ.

ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಒಂದು ಎಲೆ ಅಡಿಕೆ ಕವಳ ಹಾಕ್ಕಂಡು ಬಂದೆ. ಎದೆ ಹೊಡ್ಕಳ್ತದೆ ಅಂದ್ಕಂಡಿದ್ದೆ. ಎಂತದೂ ಆಗಲಿಲ್ಲ. ಹಲ್ಲು ಕೀಳೋಕೆ ಸೂಜಿ ಕೊಟ್ಟ ಮೇಲೆ ಕೆನ್ನೆ ಹೆಂಗಿರ್ತದೆ — ಮುಟ್ಟಿದ್ದು ಗೊತ್ತಾಗ್ತದೆ, ನೋವು ಗೊತ್ತಾಗೂದಿಲ್ಲ. ಕೆಲವು ವರ್ಷದಿಂದ ನಾನು ಪೂರ್ತಿ ಹಾಂಗೇ ಇದ್ದೇನೆ.

ನನ್ನ ಗುರ್ತ ಇಲ್ಲದವ್ರಿಗೆ ಹೇಳ್ತೇನೆ. ಹೊನ್ನಾವರ ಪೇಟೆಯಲ್ಲಿ ಒಂದು ಹಲ್ಲಿನ ದವಾಖಾನೆ ಇತ್ತು. ಅಲ್ಲಿ ಇಪ್ಪತ್ತಾರು ವರ್ಷ ಇದ್ದವ ನಾನು, ಮಾದೇವ. ಹಲ್ಲಿನ ಅಚ್ಚು ತೆಗೆಯೂದು, ಕಟ್ಟುಹಲ್ಲಿನ ಸೆಟ್ಟು ಕಟ್ಟೂದು, ಡಾಕ್ಟ್ರ ಪಕ್ಕದಲ್ಲಿ ಟ್ರೇ ಹಿಡಿಯೂದು ನನ್ನ ಕೆಲಸ. ಭಟ್ಕಳದಿಂದ ಕುಮಟೆ ತನಕ ನಾ ಕಟ್ಟಿದ ಹಲ್ಲಲ್ಲಿ ನಕ್ಕವ್ರು ಎಷ್ಟು ಜನ ಅಂತ ಬೇಕಾದ್ರೆ ಕೇಳಿ ನೋಡಿ. ಚೇಷ್ಟೆಯಲ್ಲೂ ನನ್ನ ಮೀರ್ಸಿದವ ಮೂರು ತಾಲೂಕಿನಲ್ಲಿ ಹುಟ್ಟಿಲ್ಲ. ಮೇಣದ ಹಲ್ಲು ಮಾಡಿ ಮದುವೆ ಮನೆ ಸಿಹಿ ಶಿರಾದಲ್ಲಿ ಹಾಕಿ ಬಡಿಸೋರನ್ನೇ ಓಡ್ಸಿದ್ದೆ. ಡಾಕ್ಟ್ರ ಸಹಿ ನಾನು ಮಾಡಿದ್ರೆ ಡಾಕ್ಟ್ರೇ ತಮ್ಮದು ಅಂತಿದ್ರು. ಅದನ್ನ ನಾಲ್ಕು ಜನರ ಎದ್ರಿಗೆ ಮಾಡಿ ತೋರ್ಸೂದು ನನ್ನ ಒಂದು ಆಟ — ಡಾಕ್ಟ್ರೂ ನಗ್ತಿದ್ರು. ಪಾಪದ ಮನುಷ್ಯ.

ನಮ್ಮಲ್ಲಿ ಭಾವನೆಂಟರು ಎಂತ ಮಾಡಿದ್ರೂ ನಡೀತದೆ. ಅಣ್ಣತಮ್ಮಂದಿರು ಆಡಿದ್ರೆ ಜಗಳ ಆಗೂ ಮಾತನ್ನ ಭಾವನಿಗೆ ಪಂಕ್ತಿಯಲ್ಲಿ ಕೂತು ಹೇಳಬಹುದು, ಅವ ಸಿಟ್ಟು ಮಾಡ್ಕಂಬ ಹಾಂಗಿಲ್ಲ. ಸಿಟ್ಟು ಮಾಡ್ಕಂಡ್ರೆ ಅವನದ್ದೇ ಮರ್ಯಾದೆ ಹೋತು. ನನಗೆ ಸಿಕ್ಕ ಭಾವನೂ ಹಾಂಗಿದ್ದ, ಚೇಷ್ಟೆಗೆ ಅಂತ್ಲೇ ದೇವ್ರು ಕೊಟ್ಟ ಹಾಂಗೆ. ನಮ್ಮಕ್ಕ ನಾಗವೇಣಿಯ ಗಂಡ. ಮುರ್ಡೇಶ್ವರದಲ್ಲಿ ಮೀನೂಟದ ಹೋಟೆಲು. ದುಡ್ಡಿನ ಗಲ್ಲೆಯಲ್ಲಿ ಕೂತ್ರೆ ಎರಡು ಪ್ಲಾಸ್ಟಿಕ್ ಕುರ್ಚಿ ಒಂದರೊಳಗೊಂದು ಹಾಕಿ ಕೂರೂದು, ಒಂದು ತಡೀತಿರಲಿಲ್ಲ. ಗಂಟಲಲ್ಲಿ ಗಂಟೆ ಇತ್ತು, ಅಡಿಗೆಮನೆಗೆ ಕೂಗಿದ್ರೆ ರಸ್ತೆಯಲ್ಲಿ ಹೋಗೋರು ನಿಲ್ತಿದ್ರು.

ಊರಿಗೆ ರೈಲು ಬಂದ ಹೊಸತು. ಸ್ಟೇಶನ್ನಿನಲ್ಲಿ ತೂಕದ ಮಿಶನ್ನಿನ ಮೇಲೆ ಅವ ನಿಂತಾಗ ಹಿಂದಿಂದ ನಾನೂ ಒಂದು ಕಾಲು ಊರಿದೆ. ಬಂದ ಚೀಟಿ ನೋಡಿ ಅವ ಮೂರು ದಿನ ಗಂಜಿ ಮಾತ್ರ ಉಂಡ. ನಾಲ್ಕನೇ ದಿನ ನಾ ಹೇಳಿದೆ. ಅವ ಬಿದ್ದು ಬಿದ್ದು ನಕ್ಕ. ಅವ ಯಾವಾಗಲೂ ನಗ್ತಿದ್ದ — ಇದನ್ನ ಬರೆದಿಡಬೇಕು.

ಆಮೇಲಾಮೇಲೆ ನಗೆ ಕಡಿಮೆ ಆತು. ಮೊಣಕಾಲು ಹೋತು. ಸಕ್ಕರೆ ಕಾಯಿಲೆ ಬಂತು. ಗಲ್ಲೆಯಲ್ಲಿ ಗಿರಾಕಿ ಎದ್ರಿಗೇ ನಿದ್ದೆ ಹೋಗಿ ಗೊರಕೆ ಹೊಡೀತಿದ್ದ. ಮುಂಬಯಿಯಲ್ಲಿ ಕ್ಯಾಂಟೀನು ಇಟ್ಟಿದ್ದ ಅವನಣ್ಣ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಕೇಳ್ಕಂಡು ಫೋನು ಮಾಡಿದ. ಹೊಟ್ಟೆ ಕೊಯ್ದು ಸಣ್ಣ ಚೀಲದ ಹಾಂಗೆ ಹೊಲಿಯೂ ಆಪರೇಶನ್ ಬಂದದ್ಯಂತೆ, ಮುಷ್ಟಿಯಷ್ಟು ಉಂಡ್ರೆ ಹೊಟ್ಟೆ ತುಂಬ್ತದ್ಯಂತೆ, ತೂಕ ತಾನೇ ಇಳೀತದ್ಯಂತೆ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಇಲ್ಲಿ ಯಾರೂ ಕೇಳಿದ್ದಲ್ಲ ಅದನ್ನ. ಆಪರೇಶನ್ನಿಗೆ ಮುಂಚೆ ತರಬೇಕಾದ ಕಾಗದದ ಪಟ್ಟಿ ಬಂತು. ಎದೆದು, ಸಕ್ಕರೆದು, ಉಸಿರಿಂದು — ಕಡೆಗೆ ಹಲ್ಲಿಂದೂ ಒಂದು. ಬಾಯಲ್ಲಿ ಕೀವು ಇಲ್ಲ, ಅಗಿದು ತಿನ್ನೋಕೆ ಬರ್ತದೆ ಅಂತ ಹಲ್ಲಿನ ಡಾಕ್ಟ್ರು ಬರೆದು ಕೊಡಬೇಕು.

ನಮ್ಮ ಡಾಕ್ಟ್ರು ಬುಧವಾರ ಕುಮಟೆಗೆ ಹೋಗ್ತಿದ್ರು. ಭಾವ ಬುಧವಾರನೇ ನೋಡ್ಕಂಡು ಬಂದ. ಹೊಟ್ಟೆ ಕೊಯ್ಸೋಕೆ ಹೆದ್ರದವ ಹಲ್ಲಿನ ಸೂಜಿಗೆ ಹೆದ್ರತಿದ್ದ. ಕುರ್ಚಿಯಲ್ಲಿ ಕೂರ್ಸಿ, ದೀಪ ಹಾಕಿ, ಕನ್ನಡಿ ಹಿಡಿದೆ.

ಕೆಳಗೆ ಬಲಗಡೆ ಉಳಿದಿದ್ದ ಎರಡು ದವಡೆ ಹಲ್ಲೂ ಬೇರಿನ ತನಕ ಕೊಳೆತಿದ್ವು. ಎಡಗಡೆ ಮೇಲೆ ಒಂದೂ ಇರಲಿಲ್ಲ, ಯಾವಾಗಲೋ ಉದುರಿದ್ದು. ಬಲಕ್ಕೆ ಕೆಳಗಿಲ್ಲ, ಎಡಕ್ಕೆ ಮೇಲಿಲ್ಲ — ಅಗಿಯೋಕೆ ಅಂತ ಒಂದು ಜೋಡಿ ಅವನ ಬಾಯಲ್ಲಿ ಉಳಿದಿರಲಿಲ್ಲ. ಅಷ್ಟು ವರ್ಷ ಅವ ಉಂಡಿದ್ದು ಬರೀ ನುಂಗಿ. ದೊಡ್ಡ ಹೊಟ್ಟೆ, ಹಾಕಿದ್ದೆಲ್ಲ ತಡ್ಕಂಡಿತ್ತು.

ಬೇರು ತೆಗ್ಸಿ, ಗಾಯ ಮಾಗಿ, ಸೆಟ್ಟು ಕೂರ್ಸೋಕೆ ಮೂರು ತಿಂಗಳಾದ್ರೂ ಬೇಕು. ಅವನ ಮುಂಬಯಿ ಟಿಕೇಟು ಮೂರು ವಾರಕ್ಕೆ ಆಗಿತ್ತು. ಎಂತ ಅದೆ ಮಾರಾಯ, ಹೇಳು ಅಂತ ಕೇಳಿದ. ಗಟ್ಟಿ ಅದೆ ಅಂದೆ. ನೀ ಎಂತಕ್ಕೆ ಹೆದ್ರೂದು, ಈ ದವಾಖಾನೆ ನಡ್ಸೂದು ಯಾರು ಅಂದ್ಕಂಡಿದ್ದೆ ನೀನು, ಅಂದೆ. ಡಾಕ್ಟ್ರ ಕಾಗದ ತೆಗೆದು, ಕೇಳಿ ಕೇಳಿ ಕಲ್ತ ಇಂಗ್ಲೀಷಿನಲ್ಲಿ ಎಲ್ಲಾ ಸರಿ ಅದೆ, ಅಗಿಯೋಕೆ ಬರ್ತದೆ ಅಂತ ಬರೆದು ಸಹಿ ಮಾಡ್ದೆ. ಫೀಸು ಬೇಕಲ್ಲ ಅಂತ ಅವನ ಹತ್ರ ಕುರ್ಚಿಯಲ್ಲಿ ಮೂರು ಸಲ ಕೋಳಿ ಹಾಂಗೆ ಕೂಗ್ಸಿದೆ. ಕೂಗಿದ. ಚೀಟಿ ಕಿಸೆಗೆ ಹಾಕ್ಕಂಡು ಹೋದ. ಉದುರಿದ್ದು ಅವನಿಗೂ ಗೊತ್ತಿತ್ತು, ಉಳಿದಿದ್ದು ಅಗಿಯೋಕೆ ಸಾಕು ಅಂತ ನನ್ನ ಮಾತು ನಂಬಿದ.

ನಿಜ ಹೇಳಿದ್ರೆ ಹೆದ್ರಿ ಆಪರೇಶನ್ನೇ ಬಿಟ್ಟುಬಿಡ್ತಿದ್ದ, ಅದಕ್ಕೇ ಹೇಳಲಿಲ್ಲ — ಅಂತ ಬಹಳ ವರ್ಷ ನನಗೆ ನಾನೇ ಹೇಳ್ಕಂಡೆ. ಅದು ಆಮೇಲೆ ಹುಟ್ಟಿದ ಮಾತು. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದಿದ್ದು ಒಂದೇ, ನನ್ನಿಂದ ಕೆಲಸ ಆಗ್ತದೆ ಅಂತ ಭಾವನಿಗೆ ತೋರ್ಸೂದು. ಅಷ್ಟೇ. ಅದಕ್ಕಿಂತ ದೊಡ್ಡದು ಎಂತದೂ ಇರಲಿಲ್ಲ.

ಆಪರೇಶನ್ ಸರಿಯಾಗೇ ಆತು. ಗಂಜಿತಿಳಿ, ಬೇಳೆಕಟ್ಟು, ಹಿಚುಕಿದ ಅನ್ನದಲ್ಲಿ ಎರಡು ತಿಂಗಳು ಕಳೀತು. ಅಂಗಿ ದೊಗಳೆ ಆತು. ಹೆಬಳೆಯಿಂದೆಲ್ಲ ಜನ ಅವನ್ನ ನೋಡೋಕೆ ಬಂದ್ರು. ಗಟ್ಟಿ ತಿನ್ನೋಕೆ ಶುರು ಮಾಡಿದ ಮೇಲೆ ಕಷ್ಟ ಬಂತು. ಒಂದೊಂದು ತುತ್ತೂ ಮೂವತ್ತು ಸಲ ಅಗಿಬೇಕು, ಹಿಟ್ಟಾಗಿ ಇಳೀಬೇಕು ಅಂದಿದ್ರು ಅಲ್ಲಿ. ಎಂತದ್ರಲ್ಲಿ ಅಗೀತಾನೆ? ಎದ್ರಿನ ಹಲ್ಲಲ್ಲಿ ಮೊಲದ ಹಾಂಗೆ ಕಡೀತಿದ್ದ. ನಾ ಅದನ್ನೂ ಮಾಡಿ ತೋರ್ಸಿ ನಗ್ಸಿದ್ದೆ. ಸಣ್ಣ ಚೀಲದ ಬಾಯಲ್ಲಿ ತುತ್ತು ಸಿಕ್ಕಿ ಬೀಳ್ತಿತ್ತು, ಎದೆ ಒತ್ತಿ ಹಿಡ್ಕಂಡು ಹಿತ್ಲಿಗೆ ಹೋಗಿ ವಾಂತಿ ಕಾರಿ ಬರ್ತಿದ್ದ. ಮುಂಬಯಿಗೆ ಫೋನು ಮಾಡಿದ್ರೆ ಆ ಡಾಕ್ಟ್ರು ಮೊದಲು ಕೇಳಿದ್ದೇ ಹಲ್ಲು ಸರಿ ಅದ್ಯಾ ಅಂತ. ಚೀಟಿ ಕೊಟ್ಟೇನಲ್ಲ ಅಂದ ಇವ. ಹಂಗಾದ್ರೆ ನೀವು ಅವಸರ ಮಾಡ್ತೀರಿ, ಇಲ್ಲಾ ಜಾಸ್ತಿ ತಿಂತೀರಿ ಅಂದ್ರು ಅವ್ರು. ಬೇರೆ ಎಂತ ಅಂತಾರೆ? ಆ ಬಾಗಿಲು ನನ್ನ ಚೀಟಿ ಮುಚ್ಚಿತ್ತು.

ಮಿರ್ಜಾನದಲ್ಲಿ ಅವನ ಮಗಳ ಮನೆ. ಮೊಮ್ಮಗಳಿಗೆ ಹೆಸರಿಡೂ ದಿನ ಎಲ್ಲಾ ಸೇರಿದ್ವಿ. ಕಾಳು ತಿಂದ್ರೆ ಶಕ್ತಿ ಬರ್ತದೆ ಅಂತ ಮಗಳು ಅಪ್ಪನ ಎಲೆಗೆ ಪ್ರೀತಿಯಿಂದ ಎರಡು ಚಮಚೆ ಕಡ್ಲೆ ಸುಕ್ಕೆ ಪಲ್ಯ ಹಾಕಿದ್ಲು. ಇಡೀ ಕಡ್ಲೆ. ಅವ ನನ್ನ ಪಕ್ಕದಲ್ಲೇ ಕೂತಿದ್ದ. ಒಂದೊಂದೇ ಕಾಳು ಎದ್ರಿನ ಹಲ್ಲಲ್ಲಿ ಮುರೀತಾ ಇದ್ದ, ನೋಡ್ದೆ. ಮುರಿದಿದ್ದನ್ನ ಹಾಂಗೇ ನುಂಗಿದ. ಸ್ವಲ್ಪ ಹೊತ್ತಿಗೆ ಹಣೆ ಮೇಲೆ ಬೆವರು ಬಂತು. ಎದ್ದು ಬಾಯಿ ಮುಚ್ಕಂಡು ನಡೆದ. ಹಿತ್ಲಿಂದ ಕಾರೂ ಶಬ್ದ ಪಂಕ್ತಿಗೆಲ್ಲಾ ಕೇಳ್ತು. ಎಲ್ಲರ ಕೈ ಎಲೆಯಲ್ಲೇ ನಿಂತಿತ್ತು. ಅಂಥ ಹೊತ್ತಿಗೆ ಎಲ್ಲರೂ ನೋಡೂದು ನನ್ನ ಮುಖನೇ — ಮಾದೇವ ಎಂತ ಹೇಳ್ತಾನೆ ಅಂತ.

ಹೇಳಿದೆ. “ಹೊಟ್ಟೆ ಕೊಯ್ಸ್ಕಂಡ, ನಾಲಿಗೆ ಕೊಯ್ಸೂದು ಮರ್ತೇ ಹೋತು.”

ಪಂಕ್ತಿ ಪೂರ್ತಿ ನಕ್ತು. ಬಡಿಸೋರೂ ನಕ್ರು. ಅವ ಬಾಯಿ ತೊಳ್ಕಂಡು ಬಂದು ಬಾಗಿಲಲ್ಲಿ ನಿಂತಿದ್ದ, ಅವನಿಗೂ ಕೇಳ್ತು. ಹೆಂಡ್ತಿ ತಮ್ಮ ಆಡಿದ ಮಾತು, ನಗಲೇಬೇಕು — ನಕ್ಕ. ಅಕ್ಕ ನಗಲಿಲ್ಲ. ಮನೆಯಲ್ಲಿ ಕದ್ದು ತಿಂದು ಬಂದಿರಬೇಕು, ಇಲ್ಲಾಂದ್ರೆ ಎರಡು ಚಮಚೆಗೆ ಹಿಂಗೆ ಆಗ್ತದ್ಯಾ ಅಂತ ಎಲ್ಲರ ಎದ್ರಿಗೇ ಬೈದ್ಲು. ಅವತ್ತಿಂದ ಆ ಮಾತು ಖಾಯಂ ಆತು. ಭಾವ ಕದ್ದು ತಿಂತಾನೆ. ಮದುವೆ, ಮುಂಜಿ ಎಲ್ಲಿ ಹೋದ್ರೂ ನನ್ನ ಮಾತನ್ನ ಯಾರೋ ಒಬ್ಬರು ಹೇಳೂದು, ಉಳಿದವ್ರು ನಗೂದು.

ಒಂದು ಬುಧವಾರ ಮತ್ತೆ ದವಾಖಾನೆಗೆ ಬಂದ. ಅರ್ಧ ಆಗಿದ್ದ. ಒಂದು ಕುರ್ಚಿ ಸಾಕಾಗ್ತಿತ್ತು.

“ಮಾದೇವಾ, ನಾನು ಕದ್ದು ತಿನ್ನೂದಿಲ್ಲ. ನಾಗಿ ನಂಬೂದಿಲ್ಲ. ನನ್ನ ಹಲ್ಲು ಆವಾಗ ಸರಿ ಇತ್ತಲ್ಲ?”

“ಕಲ್ಲಿದ್ದ ಹಾಂಗಿತ್ತು,” ಅಂದೆ.

ಅವ ತಲೆ ಆಡ್ಸಿದ. ಹಂಗಾರೆ ನನಗೇ ಅಗಿಯೋಕೆ ಬರೂದಿಲ್ಲ ಅಂತಾತು, ಅಂದ. ನಾನು ಸುಮ್ಮನಿದ್ರೆ ಚೊಲೋ ಆಗ್ತಿತ್ತು — ಅದೂ ಇಲ್ಲ, ಜಾಣತನ ತೋರ್ಸೋಕೆ ಹೋದೆ. ಕಾರಿದ ಕೂಡ್ಲೇ ಕರಿ ಹಲ್ಲುಪುಡಿ ಹಾಕಿ ಗಸಗಸ ತಿಕ್ಕು, ಬಾಯಿ ಶುದ್ಧ ಆಗ್ತದೆ ಅಂದೆ. ಅವ ಹೇಳಿದ್ದು ಮಾಡೂ ಮನುಷ್ಯ. ದಿನಕ್ಕೆ ಮೂರು ಸಲ, ನಾಲ್ಕು ಸಲ ತಿಕ್ದ. ಒಂದು ವರ್ಷದ ಮೇಲೆ ಡಾಕ್ಟ್ರು ಬೇರೆ ಯಾರಿಗೋ ಹೇಳೂದು ಕೇಳ್ದೆ. ಕಾರಿದ ಮೇಲೆ ಹುಳಿಗೆ ಹಲ್ಲಿನ ಮೈ ಮೆತ್ತಗಾಗಿರ್ತದೆ, ಆಗ ಪುಡಿ ಹಾಕಿ ತಿಕ್ಕಿದ್ರೆ ಗೋಡೆಗೆ ಮರಳುಕಾಗದ ಹಾಕಿದ ಹಾಂಗೆ, ಬರೀ ನೀರಲ್ಲಿ ಮುಕ್ಕಳಿಸಬೇಕು ಅಂತ. ನಾನು ಟ್ರೇ ಹಿಡ್ಕಂಡು ಪಕ್ಕದಲ್ಲೇ ನಿಂತಿದ್ದೆ. ಭಾವನಿಗೆ ಹೋಗಿ ಹೇಳಲಿಲ್ಲ. ಹೇಳಿದ್ರೆ ಒಂದು ಮಾತಿನ ಹಿಂದೆ ಇನ್ನೊಂದು ಬರ್ತಿತ್ತಲ್ಲ —

ಎದ್ರಿನ ಹಲ್ಲು ತೆಳ್ಳಗಾಗಿ, ತುದಿ ಚಕ್ಕೆ ಎದ್ದು, ಒಂದೊಂದೇ ಮುರಿದ್ವು. ಕಡೆಗೆ ಡಾಕ್ಟ್ರ ಹತ್ರ ಬರಲೇಬೇಕಾತು. ಕಾರೂದು ಮತ್ತು ಸಕ್ಕರೆ, ಎರಡೂ ಸೇರಿ ಬಾಯಿ ಹಾಳು ಮಾಡಿದ್ವು ಅಂದ್ರು ಅವ್ರು. ಅವ್ರ ಹೆಸರಿನ ಚೀಟಿ ಮುಂಬಯಿಯಲ್ಲಿ ಇರೂದು ಅವ್ರಿಗೆ ಗೊತ್ತಿಲ್ಲ. ಉಳಿದಿದ್ದನ್ನೆಲ್ಲ ಕಿತ್ರು. ಸೂಜಿಗೆ ಹೆದ್ರೂ ಮನುಷ್ಯ ನನ್ನ ಕೈ ಹಿಡ್ಕಂಡಿದ್ದ. ಸೆಟ್ಟು ನಾನೇ ಕಟ್ಟಿದೆ, ನನ್ನ ಕೈಯಲ್ಲಿ ಆದ ಕೆಲಸದಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಕೂರಲಿಲ್ಲ. ಮೈ ಇಳಿದು ಮುಖ ಒಳಗೆ ಹೋಗಿತ್ತು, ವಸಡು ತಿಂಗಳಿಂದ ತಿಂಗಳಿಗೆ ಸವೀತಿತ್ತು. ಸೆಟ್ಟನ್ನ ಅಂಗಿ ಕಿಸೆಯಲ್ಲೇ ಇಟ್ಕಳ್ತಿದ್ದ. ಮೆತ್ತಗಿದ್ದಿದ್ದು ಮಾತ್ರ ಇಳೀತಿತ್ತು — ಗಂಜಿ, ಚಾದಲ್ಲಿ ಅದ್ದಿದ ಬಿಸ್ಕೀಟು, ಐಸ್‌ಕ್ರೀಮು. ಸಿಹಿ ತಿಂದ್ರೆ ಮೈ ಬಿಡ್ತದ್ಯಾ? ಇಳಿದಿದ್ದು ಅರ್ಧ ವಾಪಸ್ಸು ಬಂತು. ನೋಡಿ, ಹೇಳಿದ್ವಲ್ಲ ನಾವು, ಅಂದ್ರು ಜನ. ಅಡಿಗೆಮನೆಗೆ ಕೂಗೂ ಗಂಟಲಿತ್ತಲ್ಲ, ಅದು ಬಾಯಲ್ಲೇ ಹುದುಗಿ ಹೋತು. ಹಲ್ಲಿಲ್ಲದೇ ಮಾತು ತೊದಲ್ತದೆ, ನಾಚ್ಕಳ್ತಿದ್ದ.

ನಾಲ್ಕೈದು ವರ್ಷ ಹೀಂಗೇ ಇದ್ದು ಒಂದು ಬೆಳಿಗ್ಗೆ ಗಲ್ಲೆಯಲ್ಲೇ ಎದೆ ಹಿಡ್ಕಂಡು ಹೋದ. ಅದು ಎದೆದು, ಹಲ್ಲಿಂದಲ್ಲ. ಅದನ್ನೂ ನನ್ನ ತಲೆಗೆ ಕಟ್ಟಿ ಅಂತ ನಾ ಹೇಳೂದಿಲ್ಲ. ನನ್ನದು ಎಷ್ಟೋ ಅಷ್ಟು ಬೇರೆ ಅದೆ.

ಮೊನ್ನೆ ಮಿರ್ಜಾನಕ್ಕೆ ಹೋಗಿದ್ದೆ. ಅಕ್ಕ ಈಗ ಮಗಳ ಮನೆಯಲ್ಲಿರೂದು. ಅವತ್ತು ಹೆಸರಿಟ್ಟ ಮೊಮ್ಮಗಳು ಈಗ ದೊಡ್ಡವಳು, ಸ್ವಲ್ಪ ಮೈ ಕೈ ತುಂಬಿಕಂಡದ್ದು. ಇನ್ನೊಂದು ದೋಸೆಗೆ ಕೈ ಹಾಕ್ತು. ಅಜ್ಜನ ಬುದ್ಧಿ ಬಂದ್ರೆ ಕಷ್ಟ, ಹೊಟ್ಟೆ ಕೊಯ್ಸಿದ್ರೂ ಕದ್ದು ತಿಂತಿದ್ದ ಮನುಷ್ಯ, ಅಂದ್ಲು ಅಕ್ಕ. ಬೈದಿದ್ದೂ ಅಲ್ಲ, ಹೊರಗೆ ಬಿಸ್ಲು ಅದೆ ಅಂದ ಹಾಂಗೆ ಅಂದಿದ್ದು. ಹುಡುಗಿ ಕೈ ಹಿಂದಕ್ಕೆ ತಕ್ಕಂಡ್ತು.

ಹುಡುಗಿ ಎದ್ದು ಹೋದ ಮೇಲೆ ಅಕ್ಕನಿಗೆ ಹೇಳಿದೆ. ಬುಧವಾರದ್ದು, ಚೀಟಿದು, ಕಲ್ಲಿದ್ದ ಹಾಂಗಿತ್ತು ಅಂದಿದ್ದು, ಪುಡಿದು — ಎಲ್ಲಾ. ಅವಳು ಎಲೆ ಅಡಿಕೆ ತಟ್ಟೆ ಸರಿಸಿಟ್ಟು ಕೇಳ್ತಾ ಕೂತಿದ್ಲು. ಯಾವ ಹಲ್ಲು ಅಂತ ಕೇಳಿದ್ಲು. ನನ್ನ ಬಾಯಿಗೇ ಬೆರಳು ಹಾಕಿ ಇಲ್ಲಿ, ಇಲ್ಲಿ ಅಂತ ತೋರ್ಸಿದೆ.

“ಹಂಗಾರೆ ಅವ್ರು ಕದ್ದು ತಿಂದಿದ್ದಲ್ಲ.”

“ಅಲ್ಲ.”

“ಒಂದಿನಾನೂ?”

“ಒಂದಿನಾನೂ ಅಲ್ಲ ಅಕ್ಕಾ.”

“ನಾನು ಕಪಾಟಿಗೆ ಬೀಗ ಹಾಕ್ತಿದ್ದೆ ಮಾದೇವಾ. ಅವ್ರು ನೋಡ್ತಾ ಇರ್ತಿದ್ರು.”

ಅಷ್ಟು ಹೇಳಿ ಅಲ್ಲೇ ಕೂತ್ಲು. ಅಳಲಿಲ್ಲ, ನನ್ನ ಬೈಯಲೂ ಇಲ್ಲ. ಬೈದ್ರೆ ನನಗೆ ಸ್ವಲ್ಪ ನೋವು ಗೊತ್ತಾಗ್ತಿತ್ತೇನೋ. ನಾ ಹೊರಡೋಕೆ ಎದ್ದಾಗ, ಅವತ್ತು ಪಂಕ್ತಿಯಲ್ಲಿ ಕೂತು ನಕ್ಕವ್ರಿಗೆಲ್ಲ ನೀನೇ ಹೇಳು, ನಾನು ಯಾರ ಮನೆಗೆ ಅಂತ ಹೋಗ್ಲಿ, ಅಂದ್ಲು.

ಅದಕ್ಕೇ ಇದನ್ನ ಬರೆದಿದ್ದು. ನೀವು ಆ ಪಂಕ್ತಿಯಲ್ಲಿ ಇದ್ದವ್ರಾದ್ರೆ, ಜಟ್ಟಪ್ಪ ಅವತ್ತು ಉಂಡಿದ್ದು ಎರಡು ಚಮಚೆ ಕಡ್ಲೆ, ಅದಕ್ಕಿಂತ ಒಂದು ಕಾಳು ಹೆಚ್ಚಿಲ್ಲ. ಅವನ ಪಕ್ಕದಲ್ಲಿ ಕೂತವ ನಾನು, ನೋಡಿದ್ದೇನೆ. ನನ್ನ ಮಾತಿಗೆ ನಗಬೇಡಿ ಅಂತ ಈಗ ಹೇಳಿ ಪ್ರಯೋಜನ ಇಲ್ಲ. ಇನ್ನು ಯಾರಾದ್ರೂ ಅದನ್ನ ಹೇಳಿದ್ರೆ, ಅವನ ಹೆಸರು ಬಿಟ್ಟು ನನ್ನ ಹೆಸರು ಹೇಳಿ.

ಡಾಕ್ಟ್ರು ಕುಮಟೆಯಲ್ಲೇ ಇದ್ದಾರೆ, ಕಣ್ಣು ಸರಿ ಕಾಣೂದಿಲ್ಲ ಅಂತಾರೆ. ನಾಳೆ ಹೋಗಿ ಅವ್ರಿಗೆ ಇದನ್ನ ಓದಿ ಹೇಳಬೇಕು.