ಉಸಿರಕ್ಕ ತೆಗೆದ ಹೃದಯದ ಪಟ

ಆಸ್ಪತ್ರೆಯ ಎಂಆರ್‌ಐ ಕೋಣೆಯಲ್ಲಿ ಪಟ ತೆಗೆಯುವ ಟೆಕ್ನಿಶಿಯನ್ನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಮಿಕ್ಕವರಿಗೆಲ್ಲ ಆಕೆ ಉಸಿರಕ್ಕ. ದಿನವಿಡೀ ಮೈಕಿನಲ್ಲಿ "ಉಸಿರು ಬಿಡಿ, ಹಾಗೇ ಹಿಡ್ಕೊಳ್ಳಿ" ಎಂದು ಹೇಳಿ ಹೇಳಿ, ಮನೆಯಲ್ಲಿ ಗಂಡ ಮಾತಿಗೆ ಬಾಯಿ ತೆರೆದಾಗಲೂ "ಹಿಡ್ಕೊಳ್ಳಿ" ಎನ್ನುತ್ತಾಳೆಂದು ಸುದ್ದಿ. ಆತ ಹಿಡಿದುಕೊಳ್ಳುತ್ತಾನೆ, ಬುದ್ಧಿವಂತ.

ಅವತ್ತು ಬಂದವಳು ಬಟ್ಟೆ ಹೊಲಿಯುವ ಹುಡುಗಿ. ತಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇದ್ದವಳು, ಮಗುವಾಗಿದ್ದಾಗಿನಿಂದ ಬೇರೆಯವರ ರಕ್ತ ಹಾಕಿಸಿಕೊಂಡೇ ಬೆಳೆದವಳು. ಆ ರಕ್ತ ಜೀವ ಉಳಿಸುತ್ತದೆ, ಆದರೆ ಜೊತೆಗೆ ತಂದ ಕಬ್ಬಿಣವನ್ನು ಒಳಗೇ ಬಿಟ್ಟುಹೋಗುತ್ತದೆ. ಪಟದಲ್ಲಿ ಕಬ್ಬಿಣ ಇದ್ದಷ್ಟೂ ಕಪ್ಪು. ಕಳೆದ ವರ್ಷ ಅವಳ ಹೃದಯ ಕಪ್ಪಾಗಿ ಕಂಡಿತ್ತು. ಮಾತ್ರೆಯಿಂದ ಕಬ್ಬಿಣ ಇಳಿದಿದ್ದರೆ ಸರಿ, ಇಲ್ಲವಾದರೆ ಇವತ್ತೇ ಅಡ್ಮಿಟ್ ಮಾಡಿ ಡ್ರಿಪ್ ಹಾಕುವುದೆಂದು ಡಾಕ್ಟರ್ ಹೇಳಿದ್ದರು.

"ಪಿನ್ನು, ಕ್ಲಿಪ್ಪು, ಬಳೆ ಎಲ್ಲಾ ತೆಗ್ದಿಯೇನಮ್ಮಾ?"

"ಹೊರಗಿನ ಕಬ್ಬಿಣ ತೆಗ್ದೆ ಅಕ್ಕಾ. ಒಳಗಿಂದು ನಿಮಗೇ ಬಿಟ್ಟಿದ್ದು."

ಮಾತು ಜೋರು, ಯಂತ್ರದೊಳಗೆ ಮಲಗಿದಾಗ ಗಾಬರಿ. ಹಿಡಿದ ಉಸಿರು ನಡುವೆಯೇ ಜಾರಿ ಮೊದಲ ಪಟ ಕಲಸಿಹೋಯಿತು. ಎರಡನೆಯದೂ ಅಷ್ಟೇ.

"ಅಂದಾಜಿಗೆ ಸಾಕಲ್ವಾ? ಕಳಿಸ್ಬಿಡಿ, ಹೊರಗೆ ಜನ ಕಾಯ್ತಿದಾರೆ," ಎಂದಳು ನರ್ಸ್.

"ಅಂದಾಜಿಗೆ ಹಾಕೋದು ಕಾಫಿಗೆ ಸಕ್ಕರೆ ಕಣೇ. ಇದು ಹೃದಯ."

ನಮ್ಮಂಥವರಾದರೆ ಕಳಿಸಿ ಕೈತೊಳೆದುಕೊಳ್ಳುತ್ತಿದ್ದೆವು. ಉಸಿರಕ್ಕ ಮೈಕು ಬಿಟ್ಟೆದ್ದು ಒಳಗೆ ಹೋಗಿ ಹುಡುಗಿಯ ಪಕ್ಕ ನಿಂತಳು.

"ಸೂಜಿಗೆ ದಾರ ಪೋಣಿಸ್ತೀಯಲ್ಲ, ಆಗ ಉಸಿರಾಡ್ತೀಯಾ?"

ಹುಡುಗಿ ಯೋಚಿಸಿದಳು. "ಇಲ್ಲ ಅಕ್ಕಾ. ಉಸಿರಾಡಿದ್ರೆ ದಾರ ಅಲ್ಲಾಡುತ್ತೆ."

"ಹಾಗಾದ್ರೆ ನಾನು ಹೇಳ್ದಾಗ ಕಣ್ಮುಚ್ಚಿ ಮನಸಲ್ಲೇ ಪೋಣಿಸು. ಸಣ್ಣ ಸೂಜಿ ತಗೋ. ದಬ್ಬಳ ತಗೊಂಡು ನನಗೆ ಮೋಸ ಮಾಡ್ಬೇಡ!"

ಮತ್ತೆ ಮೈಕು. "ಉಸಿರು ಬಿಡು. ದಾರ ಹಿಡಿ. ಪೋಣಿಸು."

ಯಂತ್ರ ತಗಡು ಬಡಿದಂತೆ ಬಡಿಯಿತು. ಒಳಗೆ ದಾರ ಅಲ್ಲಾಡಲಿಲ್ಲ.

ಪರದೆಯ ಮೇಲೆ ಅಂಚು ತಿದ್ದಿದಂಥ ಹೃದಯ ಮೂಡಿತು. ಯಕೃತ್ತು ಇನ್ನೂ ಬಾಣಲೆಯ ತಳದಂತಿತ್ತು, ಆದರೆ ಹೃದಯ ಕಪ್ಪು ಬಿಟ್ಟು ಬೂದುಬಣ್ಣಕ್ಕೆ ತಿರುಗಿತ್ತು. ಅದನ್ನು ಹುಡುಗಿಗೆ ಹೇಳುವುದು ಡಾಕ್ಟರ ಕೆಲಸ. ಉಸಿರಕ್ಕ ಫೋನು ಮಾಡಿ "ಬೇಗ ನೋಡಿ ಸಾರ್" ಎಂದು ಅವರ ಪ್ರಾಣ ತಿಂದಳು, ಅಷ್ಟೆ.

ಡಾಕ್ಟರ್ ನೋಡಿದರು, ಅಳೆದರು. "ಹೃದಯದಲ್ಲಿ ಕಬ್ಬಿಣ ಚೆನ್ನಾಗಿ ಇಳಿದಿದೆ. ಡ್ರಿಪ್ ಬೇಡ. ಲಿವರ್ ಬಾಕಿ ಇದೆ, ಮಾತ್ರೆ ಮಾತ್ರ ಬಿಡೋ ಹಾಗಿಲ್ಲ."

ಹೊರಗೆ ಹುಡುಗಿಯ ಅಪ್ಪ ಯಾವುದಕ್ಕೂ ಇರಲೆಂದು ದಿಂಬು, ಹೊದಿಕೆ ಸಮೇತ ಕಾದು ಕೂತಿದ್ದರು.

"ಏಳಪ್ಪಾ, ಮನೆಗೆ ಹೋಗೋಣ," ಎಂದಳು ಹುಡುಗಿ.

ಅಪ್ಪ ಏಳಲಿಲ್ಲ. ದಿಂಬಿನಲ್ಲಿ ಮುಖ ಹುದುಗಿಸಿಕೊಂಡರು.