ಮೂರು ಅಂಗಡಿ, ಒಂದೇ ಪಟ್ಟಿ

ಬಂಗಾರಪೇಟೆಯ ಹೊರಗೆ ಹಾಲು ಕರೆಯುವ ಯಂತ್ರ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಸಾಮಾನು ತರಿಸುವ ಕೆಲಸ ನನ್ನದು. ಮನೆಯಲ್ಲಿ ಉಪ್ಪಿನ ಪ್ಯಾಕೆಟ್ಟನ್ನೂ ತಿರುಗಿಸಿ ಎಲ್ಲಿಂದ ಬಂತು ಎಂದು ಓದುವವಳು ನಾನು. ‘ಎಲ್ಲಿಂದಾನಾ ಬರ್ಲಿ, ಮೊದ್ಲು ಸಾರಿಗಾಕಮ್ಮ’ ಎಂದು ಅತ್ತೆ ರೇಗಿಸುತ್ತಾರೆ. ಇಂಥವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಎಲ್ಲಿ ಸಿಗಬೇಕು!

ನಮ್ಮ ಯಂತ್ರದ ಪಂಪಿನೊಳಗೆ ನಾಲ್ಕು ಫೈಬರ್ ಪಟ್ಟಿಗಳಿರುತ್ತವೆ, ಒಂದೊಂದೂ ಅಂಗೈ ಉದ್ದ. ಅವು ತಿರುಗುತ್ತಾ ಗಾಳಿ ಎಳೆದರೆ ಹಾಲು ಬರುತ್ತದೆ, ಒಂದು ಮುರಿದರೂ ಪಂಪು ಸುಮ್ಮನೆ ಗುಂಯ್‌ಗುಡುತ್ತದೆ. ಇಡೀ ಯಂತ್ರದಲ್ಲಿ ಹೊರದೇಶದಿಂದ ಬರುವುದು ಅದೊಂದೇ. ಹಾಗಾಗಿ ಬೆಂಗಳೂರು, ಚೆನ್ನೈ, ಕೊಯಮತ್ತೂರು ಎಂದು ಮೂರು ಊರಿನ ಅಂಗಡಿಗಳಿಂದ ತರಿಸುತ್ತಿದ್ದೆ. ಒಂದು ಕೈ ಕೊಟ್ಟರೆ ಇನ್ನೆರಡು ಇವೆಯಲ್ಲ ಎಂಬ ಜಂಬ ನನಗೆ.

ಕಳೆದ ವರ್ಷ ಆಮದು ನಿಯಮ ಬದಲಾಯಿತು. ಅಂಥ ಮಾಲಿಗೆ ಹೊಸದೊಂದು ಪರೀಕ್ಷೆಯ ಪತ್ರ ಬೇಕಂತೆ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಉಳಿದಿದ್ದ ಪಟ್ಟಿಗಳೂ ಮುಗಿದವು.

ಆಗಲೇ ಹತ್ತಿರದ ಹಳ್ಳಿಯ ಒಬ್ಬ ಹೆಂಗಸಿನ ಫೋನು ಬಂತು. ನಮ್ಮ ಯಂತ್ರ ಕೊಂಡವರು, ಎರಡು ಹಸು ಸಾಕಿ ಡೈರಿಗೆ ಹಾಲು ಹಾಕುವವರು. ‘ಪಟ್ಟಿ ಮುರ್ದೋಗೈತೆ ಕಣಮ್ಮ. ನನ್ ಮಣಿಕಟ್ಟು ಬಾತ್ಕೊಂಡೈತೆ, ಕೈಯಾಗೆ ಕರಿಯಕ್ಕಾಗಲ್ಲ. ಪಕ್ಕದ ಮನೆಯೋಳು ಎಷ್ಟು ದಿನಾಂತ ಬತ್ತಾಳೆ? ಭಾನುವಾರದೊಳಗೆ ಆಗ್ಲಿಲ್ಲಾಂದ್ರೆ ಎರಡು ಅಸೂನೂ ಮಾರ್ತೀನಿ.’

‘ಅಷ್ಟರೊಳಗೆ ತರ್ತೀನಿ ಅಕ್ಕ’ ಎಂದು ಮಾತು ಕೊಟ್ಟೆ. ಬೆಂಗಳೂರಿನವರಿಗೆ ಫೋನು ಮಾಡಿದರೆ, ಆ ಹೊಸ ಪತ್ರವಿಲ್ಲದೆ ಮಾಲು ಚೆನ್ನೈ ಬಂದರಿನಲ್ಲಿ ನಿಂತಿದೆ ಎಂದರು. ಚೆನ್ನೈಯವರದೂ ಅದೇ ಉತ್ತರ. ಕೊಯಮತ್ತೂರಿನವರೂ ಅದನ್ನೇ ಹೇಳಿದಾಗ ನನಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ಗೋದಾಮಿಗೆ ಹೋಗಿ ಮೂರೂ ಅಂಗಡಿಗಳ ಹಳೆಯ ಖಾಲಿ ಡಬ್ಬಗಳನ್ನು ಹುಡುಕಿ ತಂದೆ. ಹೊರಗೆ ಅವರವರ ಚೀಟಿ. ಉಗುರಿನಿಂದ ಚೀಟಿ ಕಿತ್ತರೆ ಮೂರರ ಅಡಿಯಲ್ಲೂ ಒಂದೇ ಮುದ್ರೆ. ಸಮುದ್ರದಾಚೆಯ ಒಂದೇ ಕಾರ್ಖಾನೆಯ ಮಾಲು! ಇಷ್ಟು ವರ್ಷ ಉಪ್ಪಿನ ಪ್ಯಾಕೆಟ್ ಓದಿದವಳು ಮೇಲಿನ ಚೀಟಿಗೇ ಮೋಸಹೋಗಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಆ ಡಬ್ಬಗಳನ್ನು ನಮ್ಮ ಫಿಟ್ಟರ್ ತಾತನ ಮುಂದೆ ಸುರಿದೆ. ಅವರು ಚಿನ್ನದ ಗಣಿಯ ಊರು ಕೋರಮಂಡಲ್‌ನವರು, ಗಣಿ ಮುಚ್ಚುವವರೆಗೆ ಅಲ್ಲಿನ ವರ್ಕ್‌ಶಾಪಿನಲ್ಲಿದ್ದವರು. ಮನೆಮಾತು ತಮಿಳು.

‘ನಾವು ಗಣಿಯೊಳಗೆ ಹೊಸ ಜಾಗಕ್ಕೆ ಹೋದ್ರೆ ಮೊದ್ಲು ಏನು ನೋಡ್ತಿದ್ವಿ ಗೊತ್ತಾಮ್ಮಾ? ಮೇಲಕ್ಕೆ ಬರೋಕೆ ಇನ್ನೊಂದು ದಾರಿ. ಸುಮ್ನೆ ಕೇಳೋದಲ್ಲ, ನಡ್ಕೊಂಡೋಗಿ ಕೊನೇ ತನಕ ನೋಡ್ಬೇಕು. ಎರಡು ದಾರೀನೂ ಮೇಲಕ್ಕೋಗೋ ಒಂದೇ ಗಣಿಬಾವಿಗೆ ಸೇರಿದ್ರೆ ಅದು ಎರಡಲ್ಲ, ಒಂದೇ.’

ನಾನು ನಡೆದು ನೋಡಿರಲಿಲ್ಲ. ಅಂಗಡಿಯವರೆಗೆ ಹೋಗಿ ನಿಂತುಬಿಟ್ಟಿದ್ದೆ, ಅದರ ಹಿಂದೆ ಏನಿದೆ ಎಂದು ಇಣುಕಿರಲಿಲ್ಲ.

ತಾತ ತಮ್ಮ ಮೇಜಿನ ಮೇಲಿದ್ದ ಹಳೆಯ ಮುರಿದ ಪಟ್ಟಿಯೊಂದನ್ನು ಎತ್ತಿ ಅಂಚನ್ನು ಉಜ್ಜಿ ಮೂಸಿದರು. ‘ಬಟ್ಟೆ ಪದರ, ಅಂಟು ಹಾಕಿ ಒತ್ತಿರೋದು. ಕರೆಂಟ್ ಬೋರ್ಡ್ ಮಾಡೋರತ್ರ ಈ ಹಲಗೆ ಸಿಗುತ್ತೆ, ನಮ್ಮ ದೇಶದ್ದೇ.’ ಮಾರನೆಯ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿನಿಂದ ಹಲಗೆ ತಂದೆ. ಈ ಸಲ ಅದನ್ನು ಒತ್ತುವ ಕಾರ್ಖಾನೆಗೇ ಹೋಗಿ, ಯಂತ್ರದಿಂದ ಹೊರಬರುವುದನ್ನು ಕಣ್ಣಾರೆ ನೋಡಿದೆ. ಅದರ ಬಿಸಿ ವಾಸನೆ ಕೂಡ ನನಗೆ ಇಷ್ಟವಾಯಿತು. ತಾತ ಎರಡು ದಿನ ಕೊಯ್ದರು, ಅರದಿಂದ ಉಜ್ಜಿದರು, ಎಣ್ಣೆಯಲ್ಲಿ ನೆನೆಸಿದರು. ಮೊದಲ ಸೆಟ್ಟು ಪಂಪಿನೊಳಗೆ ಬಿಗಿಯಾಗಿ ಸಿಕ್ಕಿಕೊಂಡಿತು. ಎರಡನೆಯದು ಗಾಳಿ ಎಳೆಯಿತು.

ಶನಿವಾರ ಸಂಜೆ, ಹೇಳಿದ್ದಕ್ಕಿಂತ ಒಂದು ದಿನ ಮುಂಚೆಯೇ, ಇಬ್ಬರೂ ಆ ಹಳ್ಳಿಗೆ ಹೋದೆವು. ತಾತ ಪಟ್ಟಿ ಕೂರಿಸಿ ಸ್ವಿಚ್ ಹಾಕಿದರು. ಪಂಪು ಸರಿಯಾಗಿ ಸದ್ದು ಮಾಡಿತು, ಕೊಳವೆಯಲ್ಲಿ ಹಾಲು ಹರಿಯಿತು. ನಾನು ಖುಷಿಯಿಂದ ಚಪ್ಪಾಳೆ ತಟ್ಟಿ, ‘ಇನ್ನೊಂದು ಹಸೂನೂ ಕಟ್ಟಿ ಅಕ್ಕ’ ಎಂದೆ.

‘ಅದ್ನ ಮಾರ್ಬಿಟ್ಟೆ, ಬೆಳಿಗ್ಗೆ ಒಡ್ಕೊಂಡೋದ್ರು’ ಎಂದರು ಅವರು. ‘ಪಕ್ಕದ ಮನೆಯೋಳಿಗೆ ಎರಡೂ ಕರಿಯಕ್ಕಾಗ್ಲಿಲ್ಲ. ಕೆಚ್ಚಲು ಬಾತು ಅರಚ್ತಿತ್ತು, ನೋಡಕ್ಕಾಗ್ಲಿಲ್ಲ.’

ಆಮೇಲೆ ತಾತನ ಕೈಲಿದ್ದ ಉಳಿದ ಪಟ್ಟಿಯನ್ನು ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿದರು. ‘ಇದ್ನ ಇಲ್ಲೇ ಮಾಡಿದ್ರಾ? ನಿಮ್ ತಾವೇ?’

‘ಹೌದು ಅಕ್ಕ.’

ಅವರು ತಾತನ ಕಡೆ ತಿರುಗಿದರು. ‘ಈವಯ್ಯ ಎಷ್ಟು ವರ್ಷದಿಂದ ನಿಮ್ತಾವವ್ರೆ?’

‘ಹತ್ತು ವರ್ಷ’ ಎಂದೆ. ಅಷ್ಟು ವರ್ಷದಲ್ಲಿ ಪಟ್ಟಿಯ ಬಗ್ಗೆ ತಾತನನ್ನು ಒಮ್ಮೆಯೂ ಕೇಳಿರಲಿಲ್ಲ ನಾನು. ಆ ಅಕ್ಕ ಬಾತಿಲ್ಲದ ಕೈಯಲ್ಲಿ ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟರು.