ಆರುಮುಗಂ ಕೊಟ್ಟ ಬಿಲ್ಲೆ

ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುವ ಕೋದಂಡಪ್ಪನನ್ನು ಯಾರಾದರೂ ‘ಮಿಲಿಟ್ರಿ ಕೋದಂಡಪ್ಪ’ ಎಂದು ಕರೆದರೆ ಅವರನ್ನು ಅವನು ಗಾಡಿಗೇ ಹತ್ತಿಸಿಕೊಳ್ಳುವುದಿಲ್ಲ. ಯುದ್ಧ ಮಾಡಿ ಬಂದವನಿಗೆ ಎಷ್ಟು ಸೊಕ್ಕು ನೋಡಿ ಎಂದು ಜನ ಗೊಣಗುತ್ತಾರೆ. ಸೊಕ್ಕಾಗಿದ್ದರೆ ಚೆನ್ನಾಗಿತ್ತು. ಆ ಹೆಸರು ಕಿವಿಗೆ ಬಿದ್ದರೆ ಅವನಿಗೆ ನೆನಪಾಗುವುದು ಯುದ್ಧವಲ್ಲ, ಒಂದು ಬಿಲ್ಲೆ.

ಕಾಮಸಮುದ್ರದ ಕಡೆಯ ಹಳ್ಳಿಯಿಂದ ಬಂದು ಚಿನ್ನದ ಗಣಿ ಸೇರಿದಾಗ ಅವನಿಗೆ ಮೀಸೆ ಇನ್ನೂ ನೆಟ್ಟಗೆ ಬಂದಿರಲಿಲ್ಲ. ನಂದಿದುರ್ಗ ಗಣಿಯ ಕೂಲಿಗಳ ಮನೆಸಾಲಿನಲ್ಲಿ, ಅಂದರೆ ಲೈನಿನಲ್ಲಿ, ಅವನಿಗೆ ಅನ್ನ ಹಾಕಿದವಳು ಮಾರಿಯಮ್ಮ. ಅವನ ಜೊತೆ ಗಣಿಗೆ ಇಳಿಯುತ್ತಿದ್ದವನು ಅವಳ ಒಬ್ಬನೇ ಮಗ ಆರುಮುಗಂ. ಇಳಿಯುವ ಪ್ರತಿಯೊಬ್ಬನ ಹತ್ತಿರವೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಅವರ ಗ್ಯಾಂಗಿನಲ್ಲಿ ಒಂದು ಕಟ್ಟಳೆ. ಬಂಡೆ ಸಿಡಿದು ಒಬ್ಬ ಅದರ ಹಿಂದೆ ಸಿಕ್ಕಿಬಿದ್ದರೆ, ಸಂದಿಯಿಂದ ಕೈ ಚಾಚಿ ತನ್ನ ಬಿಲ್ಲೆಯನ್ನು ಜೊತೆಗಾರನಿಗೆ ಕೊಡಬೇಕು. ಸತ್ತವನ ಬಿಲ್ಲೆ ಹೆಣದ ಜೊತೆಗೇ ಮೇಲೆ ಬರುತ್ತದೆ. ಬಿಲ್ಲೆಯೊಂದೇ ಬಂದರೆ ಕೆಳಗಿರುವವನಿಗೆ ಜೀವವಿದೆ, ಹಾರೆ ಹಿಡಿದು ಓಡಿ ಎಂದರ್ಥ.

ಐವತ್ತೆಂಟರಲ್ಲಿ ಇಬ್ಬರೂ ಗಣಿ ಬಿಟ್ಟು ಸೈನ್ಯ ಸೇರಿದರು. ಕತ್ತಲಲ್ಲಿ ಸಾಯುವುದಕ್ಕಿಂತ ಬಿಸಿಲಲ್ಲಿ ಸಾಯೋಣ ಎಂದು ನಗುತ್ತಲೇ ರೈಲು ಹತ್ತಿದ್ದರು. ಸಿಕ್ಕಿದ್ದು ಹಿಮ. ಅರವತ್ತೆರಡರಲ್ಲಿ ಚೀನಾದವರು ಗುಡ್ಡ ಇಳಿದು ಬಂದ ಬೆಳಿಗ್ಗೆ ಆರುಮುಗಂನ ತೊಡೆಗೆ ಗುಂಡು ಬಿತ್ತು. ಅವನನ್ನು ಹೊತ್ತು ಇಳಿಯುವುದು ಕೋದಂಡಪ್ಪನೊಬ್ಬನಿಂದ ಆಗದೆ ಹೋಯಿತು. ಒಂದು ಬಂಡೆಯ ಮರೆಗೆ ಒರಗಿಸಿದ. ಆರುಮುಗಂ ಕೊರಳಲ್ಲಿದ್ದ ಸೈನ್ಯದ ಬಿಲ್ಲೆಯನ್ನು ಕಿತ್ತು ಅವನ ಕೈಗಿಟ್ಟ.

“ತಕ್ಕೊಂಡೋಗಿ ತೋರ್ಸು ಮಚ್ಚಾ. ಯಾರ್ನಾದ್ರೂ ಕರ್ಕೊಂಡ್ ಬಾ. ನಾನು ಇಲ್ಲೇ ಇರ್ತೀನಿ.”

ಗಣಿಯವನ ಬುದ್ಧಿ, ಎಲ್ಲಿಗೆ ಹೋದರೂ ಗಣಿಯದೇ. ಸೈನ್ಯದಲ್ಲಿ ಕೊರಳ ಬಿಲ್ಲೆ ಬಂದರೆ ಆಳು ಸತ್ತ ಎಂದು ತಿಳಿಯುತ್ತಾರೆ. ಇಬ್ಬರಿಗೂ ಅದನ್ನು ಹೇಳಿಕೊಟ್ಟಿದ್ದರು. ಆ ಗಳಿಗೆಯಲ್ಲಿ ಇಬ್ಬರಿಗೂ ನೆನಪಾಗಲಿಲ್ಲ.

ಕೆಳಗೆ ಹವಾಲ್ದಾರ ಬಿಲ್ಲೆ ನೋಡಿದೊಡನೆ ಟೋಪಿ ತೆಗೆದ. ಕೋದಂಡಪ್ಪನಿಗೆ ಆಗ ನೆನಪಾಯಿತು. ಹವಾಲ್ದಾರ ಕೆಟ್ಟವನಲ್ಲ, ಕೇಳಿಯೂ ಕೇಳಿದ: “ಕಣ್ಣಾರೆ ನೋಡಿದೆಯಾ? ಜೀವ ಇದ್ದರೆ ಹೇಳು, ಆಳು ಕೊಡುತ್ತೇನೆ, ದಾರಿ ತೋರಿಸು.” ದಾರಿ ತೋರಿಸುವುದೆಂದರೆ ಮತ್ತೆ ಆ ಗುಡ್ಡ ಹತ್ತುವುದು. ಹತ್ತಿದವರೆಲ್ಲ ಸಾಯಬಹುದಿತ್ತು, ಅದೂ ಸುಳ್ಳಲ್ಲ. ಕೋದಂಡಪ್ಪ ತಲೆ ತಗ್ಗಿಸಿ ನಿಂತ, ತುಟಿ ಬಿಚ್ಚಲಿಲ್ಲ. ಪಲ್ಟನ್ ಹಿಂದಕ್ಕೆ ಹೊರಟಿತು.

ಆರುಮುಗಂ ಸತ್ತನೆಂದು ಲೈನಿಗೆ ತಂತಿ ಬಂತು. ಮಾರಿಯಮ್ಮ ಅನ್ನ ಬಿಟ್ಟಳು. ರಜೆಯಲ್ಲಿ ಬಂದ ಕೋದಂಡಪ್ಪನ ಕೈ ಹಿಡಿದು, “ಕಡೇಲಿ ನನ್ ಮಗ ಏನಾದ್ರೂ ಅಂದ್ನಾ ಅಪ್ಪಾ?” ಎಂದು ಕೇಳಿದಳು.

“ನಿನ್ನೇ ನೆನಸ್ಕೊಂಡ ಕಣಮ್ಮ,” ಎಂದ ಈ ಮಹಾರಾಯ.

ಅವನು ಬದುಕಿರಬಹುದು ಎಂದು ಆಗಲಾದರೂ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಆ ರಜೆ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ಮಗನ ಜಾಗದಲ್ಲಿ ನಿಂತು ಮೊದಲ ಹಿಡಿ ಮಣ್ಣು ಹಾಕಿದವನೂ ಇವನೇ. ಇಂಥ ಸ್ನೇಹ ಎಲ್ಲುಂಟು ಎಂದು ಲೈನಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬೇಸಿಗೆಯಲ್ಲಿ ಚೀನಾದವರು ಸೆರೆಯಾಳುಗಳನ್ನು ಬಿಟ್ಟರು. ಆರುಮುಗಂ ಕೋಲೂರಿಕೊಂಡು ಮನೆಗೆ ಬಂದ. ಹಿಮ ಅವನ ಕಾಲ್ಬೆರಳುಗಳನ್ನು ತಿಂದಿತ್ತು. ಕೋದಂಡಪ್ಪ ಮುಂದಿನ ರಜೆಗೆ ಬಂದಾಗ ತಾಯಿಯನ್ನು ಹೂತ ಗುಡ್ಡೆಯ ಹತ್ತಿರ ಕರೆದೊಯ್ದು ಆರುಮುಗಂ ಕೇಳಿದ್ದು ಒಂದೇ ಮಾತು.

“ಬಿಲ್ಲೆ ಕೊಟ್ಟಾಗ ನಿನ್ನ ಯಾರೂ ಏನೂ ಕೇಳ್ನಿಲ್ವಾ ಮಚ್ಚಾ?”

“ಕೇಳ್ನಿಲ್ಲ ಕಣ್ಲಾ. ಸತ್ತ ಅಂತ ಅವ್ರೇ ಅನ್ಕೊಂಡ್ರು.”

ಆರುಮುಗಂ ತಲೆಯಾಡಿಸಿದ. ಆಮೇಲೆ ಎಂದೂ ಅವನನ್ನು ಮಚ್ಚಾ ಎನ್ನಲಿಲ್ಲ.

ಕಾಲು ಊನವಾದವನೆಂದು ಗಣಿಯಲ್ಲಿ ಅವನಿಗೆ ಮೇಲಿನ ಕೆಲಸ ಸಿಕ್ಕಿತು: ಗಣಿಗೆ ಇಳಿಯುವ ಶಾಫ್ಟಿನ ಬಾಯಲ್ಲಿ, ಬಿಲ್ಲೆ ಕೊಡುವ ಕಿಟಕಿಯಲ್ಲಿ. ಸೈನ್ಯದ ಅವಧಿ ಮುಗಿಸಿ ಬಂದ ಕೋದಂಡಪ್ಪನೂ ಹೊಟ್ಟೆಪಾಡಿಗೆ ಗಣಿಯನ್ನೇ ಸೇರಿದ. ದಿನಾ ಆ ಕಿಟಕಿಗೇ ಕೈ ಚಾಚಬೇಕು. ಉಳಿದವರ ಬಿಲ್ಲೆಯನ್ನು ಅಂಗೈಗೆ ಇಡುತ್ತಿದ್ದ ಆರುಮುಗಂ ಇವನದನ್ನು ಮಾತ್ರ ಹಲಗೆಯ ಮೇಲಿಟ್ಟು ಮುಖ ತಿರುಗಿಸುತ್ತಿದ್ದ.

ಅರವತ್ತಾರರ ಒಂದು ಮಧ್ಯಾಹ್ನ ಕೆಳಗೆ ಬಂಡೆ ಸಿಡಿಯಿತು. ಕೋದಂಡಪ್ಪ ಕಲ್ಲಿನ ಹಿಂದೆ ಸಿಕ್ಕಿಬಿದ್ದ. ತಲೆ ಒಡೆದು ರಕ್ತ ಸುರಿಯುತ್ತಿದ್ದ ಜೊತೆಗಾರ ಪೆರುಮಾಳ್ ಸಂದಿಯಿಂದ ಕೈ ತೂರಿಸಿ, “ಬಿಲ್ಲೆ ಕೊಡಣ್ಣಾ” ಎಂದ. ಕೋದಂಡಪ್ಪ ಮುಷ್ಟಿ ಬಿಗಿಹಿಡಿದು ಕೂತ. ಬಿಲ್ಲೆ ಯಾರ ಕೈ ಸೇರುತ್ತದೆಂದು ಅವನಿಗೆ ಗೊತ್ತಿತ್ತು. ಕೇಳಿದಾಗ ಸುಮ್ಮನಿರುವುದು ಎಷ್ಟು ಸುಲಭವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಪೆರುಮಾಳ್ ಬೈದು, ಬೆರಳು ಬಿಡಿಸಿ ಕಿತ್ತುಕೊಂಡು ಹೋದ. ಮೇಲೆ ಬಂದವನು ಬಿಲ್ಲೆಯನ್ನು ಕಿಟಕಿಯೊಳಕ್ಕೆ ಹಾಕಿ, ಮಾತು ಹೊರಡುವ ಮೊದಲೇ ಎಚ್ಚರ ತಪ್ಪಿ ಬಿದ್ದ.

ಕೋದಂಡಪ್ಪನನ್ನು ಹೊರತೆಗೆದು ಮೇಲೆ ತಂದಾಗ ಇನ್ನೂ ಬಿಸಿಲಿತ್ತು. ಸ್ಟ್ರೆಚರ್ ಕಿಟಕಿಯ ಮುಂದೆ ಬಂದಾಗ ಆರುಮುಗಂ ಕೋಲೂರಿ ಹೊರಗೆ ಬಂದ. ಬಿಲ್ಲೆಯನ್ನು ಅವನ ಅಂಗೈಗೇ ಇಟ್ಟು ಬೆರಳು ಮಡಿಸಿದ.

“ಇನ್ನೊಂದ್ ಸಿಡಿತ ಆಗ್ಬೋದು, ಆಳು ಕಳ್ಸೋಕೆ ಜೀವ ಇರೋದು ಖಾತ್ರಿನಾ ಅಂತ ಮೇಸ್ತ್ರಿ ನನ್ನೂ ಕೇಳ್ದ ಕೋದಂಡಪ್ಪ,” ಎಂದ. “ಕೇಳ್ದೆ ಇರ್ತಾರಾ? ಬದುಕವ್ನೆ ಅಂದೆ.”

ಮೂಳೆ ಕೂಡಿದ ಮೇಲೆ ಕೋದಂಡಪ್ಪ ಆ ಕಿಟಕಿಯ ಮುಂದೆ ಮತ್ತೆ ನಿಲ್ಲಲಿಲ್ಲ, ಬಂಗಾರಪೇಟೆಗೆ ಬಂದು ಜಟಕಾ ಹಿಡಿದ. ಗಣಿಯ ಕಡೆಯಿಂದ ರೈಲು ಬಂದಾಗ ಮಾತ್ರ, ಇಳಿಯುವವರಲ್ಲಿ ಕೋಲೂರಿದವನು ಯಾರಾದರೂ ಇದ್ದಾನೋ ಎಂದು ನೋಡುತ್ತಾನೆ. ಇದ್ದರೆ ಖಾಲಿ ಗಾಡಿಯನ್ನು ಹಾಗೇ ತಿರುಗಿಸಿಕೊಂಡು ಹೋಗಿಬಿಡುತ್ತಾನೆ.